ಕಾಲರ್ ಬೋನ್ ಮುರಿದ ಸೈಕಲ್ ರೇಸರ್‌ಗಳು ಅಷ್ಟು ಬೇಗ ಮರಳುವುದು ಹೇಗೆ? ಕಲಬುರಗಿಯಲ್ಲಿರುವ ನನ್ನ ತಮ್ಮನಿಗೆ ಡಾಕ್ಟರು 3 ತಿಂಗಳು ಸೈಕಲ್ ಬೇಡ ಅಂದಿದ್ದಾರೆ
ಕೊರಳ ಬುಡದಿಂದ ಹೆಗಲಿಗೆ ಹೋಗುವ ಈ ಎಲುಬು ಅವರಿಗೇನೂ ನಿಮ್ಮ ತಮ್ಮನದಕ್ಕಿಂತ ಬೇಗ ಕೂಡುವುದಿಲ್ಲ. ಬಹಳ ಸಲ ಆಪರೇಷನ್ ಮಾಡಿ, ಪ್ಲೇಟು-ಸ್ಕ್ರೂ ಹಾಕಿ ಮುರಿದ ತುದಿಗಳನ್ನು ಅಲುಗದಂತೆ ಹಿಡಿದಿಡುತ್ತಾರೆ. ಕಾಲಿಗಂತೂ ಏನೂ ಆಗಿಲ್ಲವಲ್ಲ! ಕೆಲವೇ ದಿನಗಳಲ್ಲಿ ಮನೆಯೊಳಗೆ, ಸ್ಟ್ಯಾಂಡಿಗೆ ಬಿಗಿದ ಸೈಕಲ್ ಮೇಲೆ ಕೂತು, ಪೆಟ್ಟಾದ ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುಹಾಕಿಕೊಂಡೇ ಪೆಡಲ್ ತುಳಿಯುತ್ತಾರೆ. ಹೀಗಾಗಿ ಎಲುಬು ಕೂಡುವ ಹೊತ್ತಿಗೆ ದಮ್ಮು, ಕಾಲಿನ ಕಸುವು ಎರಡೂ ಉಳಿದಿರುತ್ತವೆ. 2024ರ ಏಪ್ರಿಲ್‌ನಲ್ಲಿ ಬಿದ್ದು ಕಾಲರ್ ಬೋನ್, ಪಕ್ಕೆಲುಬು ಮುರಿದುಕೊಂಡ, ಶ್ವಾಸಕೋಶಕ್ಕೂ ಪೆಟ್ಟಾಗಿದ್ದ ಡೆನ್ಮಾರ್ಕಿನ ಸೈಕಲ್ ರೇಸರ್ ಯೋನಾಸ್ ವಿಂಗೆಗೋರ್ ಅದೇ ವರ್ಷದ ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸನ್ನು ಎರಡನೆಯವರಾಗಿ ಮುಗಿಸಿದರು.

ಆದರೆ ಕಲಬುರಗಿಯ ರಸ್ತೆಯ ಮಾತು ಬೇರೆ. ಒಂದೊಂದು ತಗ್ಗಿನ ಹೊಡೆತವೂ ಹ್ಯಾಂಡಲ್ ಹಿಡಿದ ಕೈಯಿಂದ ನೇರ ಹೆಗಲಿಗೇ ಏರುತ್ತದೆ. ಎಕ್ಸ್‌ರೇ ನೋಡಿ ಡಾಕ್ಟರು ಹೂಂ ಅನ್ನುವ ತನಕ ತಮ್ಮನನ್ನು ರಸ್ತೆಗೆ ಬಿಡಬೇಡಿ.