ಮೇಷ್ಟ್ರು ಕಟ್ಟಿದ ಪಕ್ಷ, ಮೇಷ್ಟ್ರಿಗೇ ಮರಣದಂಡನೆ

ಪ್ರಶ್ನೆ: ಸಿರಿಯಾದಿಂದ ಅಸಾದ್ ಓಡಿಹೋದಾಗ ಟೀವಿಯಲ್ಲಿ, ಅವರ ಬಾತ್ ಪಕ್ಷ ಕಟ್ಟಿದ್ದು ಇಬ್ಬರು ಶಾಲಾ ಮೇಷ್ಟ್ರುಗಳು ಅಂದರು. ಮಿಶೆಲ್ ಅಫ್ಲಾಕ್ ಹೆಸರು ಕೇಳಿದ್ದೇನೆ. ಇನ್ನೊಬ್ಬರು ಯಾರು, ಏನಾದರು?
(ಓದುಗರೊಬ್ಬರು, ಸಾಗರ)

ಉತ್ತರ: ಸಲಾಹ್ ಅಲ್-ದೀನ್ ಅಲ್-ಬಿತಾರ್. ಅಫ್ಲಾಕ್ ಇತಿಹಾಸದ ಮೇಷ್ಟ್ರು, ಇವರು ಭೌತಶಾಸ್ತ್ರದವರು. ನಾನೂ ಫಿಸಿಕ್ಸ್ ಪಾಠ ಹೇಳಿಯೇ ರಿಟೈರ್ ಆದವನು. ನನ್ನ ತಕ್ಕಡಿ ಬಿತಾರರ ಕಡೆ ಕೊಂಚ ವಾಲಿದೆ ಅಂದುಕೊಂಡೇ ಓದಿ.

ಇಬ್ಬರೂ ಡಮಾಸ್ಕಸ್‌ನವರು, ಪ್ಯಾರಿಸ್‌ನಲ್ಲಿ ಓದುವಾಗ ಜೊತೆಯಾದವರು. ಊರಿಗೆ ಮರಳಿ ಒಂದೇ ಶಾಲೆಯಲ್ಲಿ ಪಾಠ ಮಾಡಿದರು, 1942ರಲ್ಲಿ ಕೆಲಸ ಬಿಟ್ಟು ರಾಜಕೀಯಕ್ಕಿಳಿದರು. 1947ರ ಏಪ್ರಿಲ್‌ನಲ್ಲಿ ಪಕ್ಷದ ಮೊದಲ ಅಧಿವೇಶನ. ಬಾತ್ ಅಂದರೆ ಪುನರುತ್ಥಾನ. ಅರಬರೆಲ್ಲ ಒಂದೇ ರಾಷ್ಟ್ರ ಅನ್ನುವುದು ಮೂಲಮಂತ್ರ.

1958ರಲ್ಲಿ ಆ ಮಂತ್ರ ಫಲಿಸಿದ ಹಾಗೆ ಕಂಡಿತು. ಬಿತಾರ್ ಆಗ ಸಿರಿಯಾದ ವಿದೇಶಾಂಗ ಸಚಿವ. ಕೈರೋಗೆ ಹೋಗಿ, ಸಿರಿಯಾವನ್ನು ನಾಸರ್‌ನ ಈಜಿಪ್ಟಿನ ಜೊತೆ ಒಂದು ಮಾಡಿದ ಮಾತುಕತೆಯಲ್ಲಿ ಕೂತರು. ನಾಸರ್ ಹಾಕಿದ ಷರತ್ತು, ಸಿರಿಯಾದಲ್ಲಿ ಪಕ್ಷಗಳೇ ಇರಕೂಡದು. ಇವರು ಒಪ್ಪಿ, ತಾವೇ ಕಟ್ಟಿದ್ದನ್ನು ವಿಸರ್ಜಿಸಿದರು! ಸಿಕ್ಕಿದ್ದು ಕೈರೋದಲ್ಲೊಂದು ಮಂತ್ರಿಗಿರಿ. ಅಧಿಕಾರವೆಲ್ಲ ನಾಸರ್ ಕೈಯಲ್ಲಿ. 1959ರ ಕೊನೆಗೆ ರಾಜೀನಾಮೆ. 1961ರಲ್ಲಿ ಸಿರಿಯಾ ಒಕ್ಕೂಟದಿಂದ ಹೊರಬಂದಾಗ, ಅದನ್ನು ಬೆಂಬಲಿಸಿದ ಹೇಳಿಕೆಗೆ ಸಹಿ ಹಾಕಿದವರಲ್ಲಿ ಬಿತಾರರೂ ಒಬ್ಬರು. ಆಮೇಲೆ ಸಹಿ ಹಿಂತೆಗೆದುಕೊಂಡರು, ಆದರೆ ಏಕತೆ ಏಕತೆ ಅಂತ ಇಪ್ಪತ್ತು ವರ್ಷ ಕೂಗಿದವರು ಹಾಕಿದ ಆ ಸಹಿಯನ್ನು ಜನ ಮರೆಯಲಿಲ್ಲ. ನಾನೂ ಅದಕ್ಕೆ ಪೂರ್ತಿ ಮಾರ್ಕ್ಸ್ ಕೊಡಲಾರೆ.

ಪಕ್ಷ ವಿಸರ್ಜನೆಯಾದ ಸಿಟ್ಟಿನಲ್ಲಿ, ಕೈರೋದಲ್ಲಿದ್ದ ಕೆಲವು ಸಿರಿಯನ್ ಸೇನಾಧಿಕಾರಿಗಳು ಗುಟ್ಟಾಗಿ ಒಂದು ಸಮಿತಿ ಮಾಡಿಕೊಂಡರು. ಅವರಲ್ಲಿ ಸಲಾಹ್ ಜದೀದ್, ಹಾಫಿಜ್ ಅಸಾದ್ (2024ರಲ್ಲಿ ಓಡಿಹೋದ ಬಶರ್ ಅಸಾದ್ ಅವರ ಅಪ್ಪ) ಇದ್ದರು. 1963ರ ಮಾರ್ಚ್‌ನಲ್ಲಿ ಸೇನೆ ದಂಗೆಯೆದ್ದಾಗ ಬಿತಾರರನ್ನು ಪ್ರಧಾನಿ ಮಾಡಿದರು; ಮೂರು ವರ್ಷದಲ್ಲಿ ಹಲವು ಸಲ ಆ ಕುರ್ಚಿಯಲ್ಲಿ ಕೂರಿಸಿದರು, ಎಬ್ಬಿಸಿದರು. ಫೆಬ್ರುವರಿ 23, 1966ರಂದು ಇದೇ ಅಧಿಕಾರಿಗಳು ಇನ್ನೊಂದು ದಂಗೆಯಲ್ಲಿ ಇಬ್ಬರು ಮೇಷ್ಟ್ರುಗಳನ್ನೂ ಹೊರದಬ್ಬಿದರು. ಬಿತಾರ್ ಬೈರೂತ್ ಸೇರಿದರು. 1969ರಲ್ಲಿ, ಎದುರಿಗಿಲ್ಲದಾಗಲೇ, ಅವರಿಗೆ ಮರಣದಂಡನೆ ವಿಧಿಸಿದರು. (ಜದೀದ್ ಗತಿಯೂ ನೆಟ್ಟಗಾಗಲಿಲ್ಲ: 1970ರಲ್ಲಿ ಅಧಿಕಾರ ಕಿತ್ತುಕೊಂಡ ಅಸಾದ್ ಜೈಲಿಗೆ ಹಾಕಿದ್ದು, 1993ರಲ್ಲಿ ಅಲ್ಲೇ ಸತ್ತರು.)

ಅಫ್ಲಾಕ್ ಬಾಗ್ದಾದ್‌ಗೆ ಹೋದರು, ಅಲ್ಲಿ ಇರಾಕನ್ನು ಆಳುತ್ತಿದ್ದ ಬಾತ್ ಪಕ್ಷದ ಇನ್ನೊಂದು ಬಣ ಗೌರವದಿಂದ ಇಟ್ಟುಕೊಂಡಿತು. ಬಿತಾರ್ ಹೋಗಲಿಲ್ಲ. ಅಸಾದ್ ಕ್ಷಮೆ ಕೊಟ್ಟ ಮೇಲೆ, 1978ರಲ್ಲಿ ಡಮಾಸ್ಕಸ್‌ನಲ್ಲಿ ಭೇಟಿಯೂ ಆದರು, ರಾಜಿ ಕುದುರಲಿಲ್ಲ. ಪ್ಯಾರಿಸ್‌ಗೆ ಮರಳಿ, ಅಸಾದ್ ಆಡಳಿತವನ್ನು ಟೀಕಿಸುವ ಪತ್ರಿಕೆ ತೆಗೆದರು. ಹೆಸರು 'ಅಲ್-ಇಹ್ಯಾ ಅಲ್-ಅರಬಿ', ಅಂದರೆ ಅರಬ್ ಪುನರುಜ್ಜೀವನ. 1940ರ ಸುಮಾರಿಗೆ, ಇನ್ನೂ ಪಾಠ ಹೇಳುತ್ತಿದ್ದಾಗ, ಇಬ್ಬರೂ ಸೇರಿ ಕಟ್ಟಿದ್ದ ಮೊದಲ ಗುಂಪಿಗೂ ಇದೇ ಹೆಸರಿತ್ತು.

ಜುಲೈ 21, 1980ರಂದು ಪ್ಯಾರಿಸ್‌ನ ಅವೆನ್ಯೂ ಹೋಶ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅನುಮಾನವೆಲ್ಲ ಡಮಾಸ್ಕಸ್ ಮೇಲೆ.