ಹಾಸನದಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಎಂಜಿನಿಯರಿಂಗ್ ಓದುತ್ತಿದ್ದೇನೆ, ಕ್ವಾಂಟಮ್ ಕಂಪ್ಯೂಟಿಂಗ್ ಸಂಶೋಧನೆಗೆ ಹೋಗಬಹುದೇ? ಅಲ್ಲಿ ದಿನವಿಡೀ ಏನು ಕೆಲಸ?

ಧಾರಾಳವಾಗಿ ಹೋಗಬಹುದು. ಭೌತಶಾಸ್ತ್ರದ ಎಂ.ಎಸ್ಸಿ. ಇಲ್ಲವಲ್ಲ ಎಂಬ ಅಳುಕು ಬೇಡ. ನಾನು ಹೇಳುತ್ತಿರುವುದು ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಬಗ್ಗೆ, ಅಂದರೆ ತಣ್ಣಗಾದಾಗ ವಿದ್ಯುತ್ ಪ್ರತಿರೋಧವೇ ಇಲ್ಲದ ಲೋಹದಿಂದ ಮಾಡಿದ, 0 ಮತ್ತು 1 ಎಂಬ ಎರಡು ಸ್ಥಿತಿಗಳ ಪುಟ್ಟ ಸರ್ಕ್ಯೂಟ್‌ಗಳು. ಅಲ್ಲಿನ ಲ್ಯಾಬ್ ಕೆಲಸದಲ್ಲಿ ಮೈಕ್ರೋವೇವ್‌ದೇ ದೊಡ್ಡ ಪಾಲು. ನಿಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಉಪಗ್ರಹಗಳಿಂದ ಹಿಡಿಯುವ ಸಿ ಬ್ಯಾಂಡ್ ಸಿಗ್ನಲ್ 4 ಗಿಗಾಹರ್ಟ್ಸ್ ಆಸುಪಾಸಿನದು. ಕ್ಯೂಬಿಟ್ ಕೆಲಸ ಮಾಡುವುದೂ ಹೆಚ್ಚಾಗಿ 4ರಿಂದ 6ರ ನಡುವೆ. ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್, ಫ್ರೀಕ್ವೆನ್ಸಿ ಬದಲಿಸುವ ಮಿಕ್ಸರ್, ಲೋ ನಾಯ್ಸ್ ಆಂಪ್ಲಿಫೈಯರ್ ಇಲ್ಲೂ ಬೇಕು.

ವ್ಯತ್ಯಾಸ ಇರುವುದು ತಂಪಿನಲ್ಲಿ. 5 ಗಿಗಾಹರ್ಟ್ಸ್‌ನ ಒಂದು ಫೋಟಾನ್ ಶಕ್ತಿ ತಾಪಮಾನದ ಲೆಕ್ಕದಲ್ಲಿ 0.24 ಕೆಲ್ವಿನ್ ಅಷ್ಟೇ. ಚಿಪ್ ಅದಕ್ಕಿಂತ ತುಂಬಾ ತಣ್ಣಗಿರದಿದ್ದರೆ ಕ್ಯೂಬಿಟ್ ಸೊನ್ನೆಯಲ್ಲಿ ನಿಲ್ಲುವುದೇ ಇಲ್ಲ. ಅದಕ್ಕೇ ಹೀಲಿಯಂನಿಂದ ತಣಿಸುವ ಡೈಲ್ಯೂಷನ್ ಫ್ರಿಜ್‌ನಲ್ಲಿ 10-20 ಮಿಲಿಕೆಲ್ವಿನ್‌ಗೆ ಇಳಿಸುವುದು. ಅಷ್ಟಾದರೂ ಕೇಬಲ್ ಹಿಡಿದು ಕೋಣೆಯ ಶಾಖ ಇಳಿದು ಬರುತ್ತದೆ: 300 ಕೆಲ್ವಿನ್‌ನಲ್ಲಿ ಆ ಫ್ರೀಕ್ವೆನ್ಸಿಗೆ ಸುಮಾರು 1250 ಫೋಟಾನ್‌ಗಳ ನಾಯ್ಸ್. ಅದನ್ನು ತಡೆಯಲು, ಕೆಳಗಿಳಿದಂತೆ ತಣ್ಣಗಾಗುತ್ತಾ ಹೋಗುವ ಫ್ರಿಜ್‌ನ 4 ಕೆಲ್ವಿನ್, 100 ಮಿಲಿಕೆಲ್ವಿನ್ ಮತ್ತು ತಳದ ತಟ್ಟೆಗಳಲ್ಲಿ 20 ಡಿಬಿಯಂತೆ (ಅಂದರೆ ನೂರರಲ್ಲಿ ಒಂದು ಪಾಲು ಶಕ್ತಿಯನ್ನಷ್ಟೇ ಬಿಡುವ) ಅಟೆನ್ಯುಯೇಟರ್ ಕೂರಿಸುವುದು ವಾಡಿಕೆ. ಒಟ್ಟು 60 ಡಿಬಿಯನ್ನೂ ಮೇಲೆಯೇ ಹಾಕಿದರೆ ಅಟೆನ್ಯುಯೇಟರ್‌ನದೇ ಬಿಸಿಯ ನಾಯ್ಸ್ ಕೆಳಗಿಳಿಯುತ್ತದೆ. ಎಲ್ಲವನ್ನೂ ತಳದಲ್ಲಿ ಹಾಕಿದರೆ ಸಿಗ್ನಲ್‌ನ ಶಕ್ತಿಯೆಲ್ಲ ಅಲ್ಲೇ ಶಾಖವಾಗಿ ತಳ ಬಿಸಿಯೇರುತ್ತದೆ. ಇನ್ನು ಕೇಬಲ್ ಜೋಡಿಸುವ ಎಸ್‌ಎಂಎ ಕನೆಕ್ಟರ್ ಒಂದು ಸಡಿಲವಿದ್ದರೂ ಫ್ರಿಜ್ ಬಿಸಿ ಮಾಡಿ, ತೆರೆದು, ಮತ್ತೆ ತಣಿಸಲು ದಿನಗಳೇ ಹಿಡಿಯುತ್ತವೆ. ಹಾಗಾಗಿ ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್ ಇಲ್ಲದೆ ಕನೆಕ್ಟರ್ ಬಿಗಿಯಲೇಬಾರದು.

ತಣಿದ ಮೇಲೆ ದಿನದ ಅಳತೆಗಳು ಶುರು. ಮೊದಲು ವಿಎನ್‌ಎ (ಬೇರೆ ಬೇರೆ ಫ್ರೀಕ್ವೆನ್ಸಿಗೆ ಸರ್ಕ್ಯೂಟ್‌ನ ಪ್ರತಿಕ್ರಿಯೆ ಅಳೆಯುವ ಉಪಕರಣ) ಬಳಸಿ, ಕ್ಯೂಬಿಟ್ ಓದಲು ಬೇಕಾದ ರೆಸೊನೇಟರ್ ಪತ್ತೆ, ಆಮೇಲೆ ಕ್ಯೂಬಿಟ್ ಫ್ರೀಕ್ವೆನ್ಸಿ, ಆಮೇಲೆ ಪಲ್ಸ್‌ನ ಬಲ ಬದಲಿಸಿ ನೋಡುವ ರಾಬಿ ಅಳತೆಯಿಂದ ಪೈ ಪಲ್ಸ್, ಅಂದರೆ ಕ್ಯೂಬಿಟ್ಟನ್ನು 0ಯಿಂದ 1ಕ್ಕೆ ತಿರುಗಿಸುವ ಪಲ್ಸ್. ನಂತರ ಟಿ1, ಅಂದರೆ ಕ್ಯೂಬಿಟ್ 1ರಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬ ಅಳತೆ: ಪೈ ಪಲ್ಸ್ ಕೊಟ್ಟು 1ಕ್ಕೆ ಏರಿಸಿ, ಇಷ್ಟು ಮೈಕ್ರೋಸೆಕೆಂಡ್ ಕಾದು ಓದಿ, ಸಾವಿರ ಸಲ ಮಾಡಿ ಸರಾಸರಿ ತೆಗೆಯಿರಿ. ಕಾಯುವ ಸಮಯ ಹೆಚ್ಚಿಸುತ್ತಾ ಹೋದಂತೆ 1 ಸಿಗುವ ಪ್ರಮಾಣದ ಗೆರೆ ಇಳಿಯುತ್ತದೆ. 37 ಶೇಕಡಾಕ್ಕೆ ಇಳಿಯುವ ಹೊತ್ತೇ ಟಿ1. ಬೆಳಿಗ್ಗೆ 60 ಮೈಕ್ರೋಸೆಕೆಂಡ್ ಇದ್ದದ್ದು ಸಂಜೆಗೆ 20 ಆದರೆ ಕೋಡ್ ಕೆದಕುತ್ತಾ ಕೂರಬೇಡಿ. ಅಲ್ಯೂಮಿನಿಯಂ ಆಕ್ಸೈಡ್‌ನಲ್ಲೋ ಚಿಪ್‌ನ ಮೇಲ್ಮೈಯಲ್ಲೋ ಇರುವ ಯಾವುದೋ ಸೂಕ್ಷ್ಮ ದೋಷ ಕ್ಯೂಬಿಟ್‌ನ ಫ್ರೀಕ್ವೆನ್ಸಿಗೆ ಸರಿದು ಬಂದು ಶಕ್ತಿ ಹೀರುತ್ತಿರುವ ಸಾಧ್ಯತೆಯೇ ಹೆಚ್ಚು. ಒಂದೇ ಅಳತೆಯನ್ನು ನಂಬದೆ ಇಡೀ ರಾತ್ರಿ ಓಡಿಸಿ ನೋಡಬೇಕು.

ದಾರಿ: ಗೇಟ್ ಬರೆಯಿರಿ, ಐಐಎಸ್‌ಸಿಯಲ್ಲಿ ಕ್ವಾಂಟಮ್ ಟೆಕ್ನಾಲಜಿ ಎಂ.ಟೆಕ್. ಇದೆ. 2023ರಲ್ಲಿ ಮಂಜೂರಾದ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಕಂಪ್ಯೂಟಿಂಗ್ ಹಬ್ ಕೂಡ ಅಲ್ಲೇ. ವಿಜ್ಞಾನಿಯಾಗಿ ಮುಂದುವರಿಯಲು ಪಿಎಚ್‌.ಡಿ. ಬೇಕೇ ಬೇಕು.

ಈಗಲೇ ಮಾಡಬಹುದಾದದ್ದು: ಪೈಥಾನ್‌ನಲ್ಲಿ ಕ್ಯೂಟಿಪ್ (ಕ್ವಾಂಟಮ್ ಲೆಕ್ಕಗಳ ಲೈಬ್ರರಿ, QuTiP) ಹಾಕಿಕೊಂಡು ಟಿ1 50 ಮೈಕ್ರೋಸೆಕೆಂಡ್ ಎಂದಿಟ್ಟು ಇದೇ ಗೆರೆ ಬರಿಸಿ. ಪ್ರತಿ ಬಿಂದುವಿಗೂ ಅಲ್ಲಿನ ಸಂಭವನೀಯತೆಗೆ ತಕ್ಕಂತೆ ಸಾವಿರ ಸಲ ನಾಣ್ಯ ಚಿಮ್ಮಿದಂತೆ 0, 1 ಆರಿಸಿ, ಫಿಟ್ ಮಾಡಿ. ಆಮೇಲೆ ಸಾವಿರವನ್ನು ನೂರಕ್ಕಿಳಿಸಿ. ಒಂದೊಂದು ಬಿಂದುವಿನ ಅನಿಶ್ಚಿತತೆ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ಯಾಕೆಂದು ನೀವೇ ಲೆಕ್ಕ ಹಾಕಿ ಬರೆಯಿರಿ.