ಲೆಂಡೋ, ಬಾರೋವೋ? ದುಡ್ಡಿನ ಇಂಗ್ಲಿಷ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿ ಹಣಕಾಸಿನ ಇಂಗ್ಲಿಷ್‌ಗೆ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸಾಲ ಕೊಡುವುದಕ್ಕೆ ಲೆಂಡ್, ತೆಗೆದುಕೊಳ್ಳುವುದಕ್ಕೆ ಬಾರೋ ಎಂದು ಗೊತ್ತಿದೆ. ಆದರೂ ಮಾತನಾಡುವಾಗ ಅದಲುಬದಲಾಗುತ್ತದೆ. ಎಲ್ಲ ಕಡೆ ಲೋನ್ ಎಂದರೆ ಸಾಲದೆ?
– ಸ್ವಸಹಾಯ ಸಂಘದ ಲೆಕ್ಕ ಬರೆಯುವವರು, ತುರುವೇಕೆರೆ

ಉತ್ತರ: ಅದಲುಬದಲಾಗುವುದಕ್ಕೆ ಕಾರಣ ನಮ್ಮ ಮಾತಿನ ರೂಢಿ. ಕನ್ನಡದಲ್ಲಿ ಎರಡೂ ಕಡೆ 'ಸಾಲ' ಇದ್ದೇ ಇರುತ್ತದೆ. ಕೊಟ್ಟದ್ದೋ ತಗೊಂಡದ್ದೋ ಎಂಬುದು ಆಮೇಲೆ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಅದು ಕ್ರಿಯಾಪದದೊಳಗೇ ಸೇರಿಹೋಗಿದೆ. ಹಾಗಾಗಿ ಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ, ಬಾಲದ ಸಮೇತ ಕಲಿಯಿರಿ: 'ಲೆಂಡ್ ಟು', 'ಬಾರೋ ಫ್ರಮ್'. 'ದಿ ಗ್ರೂಪ್ ಲೆಂಟ್ ಟೆನ್ ಥೌಸಂಡ್ ರುಪೀಸ್ ಟು ಹರ್', 'ಶಿ ಬಾರೋಡ್ ಟೆನ್ ಥೌಸಂಡ್ ರುಪೀಸ್ ಫ್ರಮ್ ದಿ ಗ್ರೂಪ್'. ವ್ಯವಹಾರ ಒಂದೇ, ಒಮ್ಮೆ ಸಂಘದ ಕಡೆಯಿಂದ, ಇನ್ನೊಮ್ಮೆ ಸದಸ್ಯೆಯ ಕಡೆಯಿಂದ. ಲೆಂಡ್‌ನ ಭೂತಕಾಲ ಲೆಂಟ್, 'ಲೆಂಡೆಡ್' ಎಂಬುದಿಲ್ಲ. 'ಕ್ಯಾನ್ ಯು ಬಾರೋ ಮಿ ಫೈವ್ ಹಂಡ್ರೆಡ್' ಎಂದರೆ ತಪ್ಪು, 'ಕ್ಯಾನ್ ಯು ಲೆಂಡ್ ಮಿ' ಸರಿ. 'ಗಿವ್ ಎ ಲೋನ್', 'ಟೇಕ್ ಎ ಲೋನ್' ಎಂಬ ನಿಮ್ಮ ಉಪಾಯವೂ ವ್ಯಾಕರಣಕ್ಕೆ ಒಪ್ಪುತ್ತದೆ. ಆದರೆ ಬ್ಯಾಂಕಿನ ಫಾರಂನಲ್ಲಿ 'ಬಾರೋವರ್', 'ಲೆಂಡರ್' ಎಂದೇ ಇರುವುದರಿಂದ ಅವನ್ನು ತಪ್ಪಿಸಿಕೊಳ್ಳುವಂತಿಲ್ಲ.

ನಿಮ್ಮ ಲೆಕ್ಕಕ್ಕೆ ಇನ್ನೂ ಮೂರು ಪದ ಬೇಕು: ಡ್ಯೂ, ಓವರ್‌ಡ್ಯೂ, ಔಟ್‌ಸ್ಟ್ಯಾಂಡಿಂಗ್. ಒಬ್ಬರು 10,000 ರೂಪಾಯಿ ತೆಗೆದುಕೊಂಡು ತಿಂಗಳಿಗೆ 1,000 ಅಸಲು ಕಟ್ಟುತ್ತಿದ್ದಾರೆ ಎನ್ನಿ. ಮೂರು ಕಂತು ಕಟ್ಟಿ ಆಗಿದೆ, ನಾಲ್ಕನೆಯದರ ದಿನ ದಾಟಿಹೋಗಿದೆ. ಅವರ ಔಟ್‌ಸ್ಟ್ಯಾಂಡಿಂಗ್ ಅಸಲು 7,000, ಓವರ್‌ಡ್ಯೂ 1,000. ಕಂತಿನ ದಿನ ಇವತ್ತೇ ಆಗಿದ್ದರೆ ಆ 1,000 ಬರೀ ಡ್ಯೂ. ನಿರ್ಣಯ ಪುಸ್ತಕದಲ್ಲಿ 7,000ವನ್ನು ಓವರ್‌ಡ್ಯೂ ಎಂದು ಬರೆದರೆ ಓದಿದವರು ಆಕೆಯನ್ನು ಸುಸ್ತಿದಾರಳೆಂದೇ ತಿಳಿಯುತ್ತಾರೆ.

'ನಿಮಗೆ ಇನ್ನೂರು ಕೊಡಬೇಕು' ಎನ್ನುವುದನ್ನು 'ಐ ಹ್ಯಾವ್ ಟು ಗಿವ್ ಯು' ಎಂದರೆ ಬಾಕಿಯ ಅರ್ಥ ಬರುವುದಿಲ್ಲ, 'ಐ ಓ ಯು ಟು ಹಂಡ್ರೆಡ್ ರುಪೀಸ್' ಎನ್ನಿ. ಸಾಲದ ಚೀಟಿಗೆ ಐ-ಓ-ಯು ಎಂದು ಹೆಸರು ಬಂದಿರುವುದು ಈ ಉಚ್ಚಾರಣೆಯಿಂದಲೇ. ಕೈಗಡಕ್ಕೆ ನಾವು ಹೇಳುವ 'ಹ್ಯಾಂಡ್ ಲೋನ್' ನಮ್ಮ ಕೋರ್ಟುಗಳಲ್ಲೂ ನಡೆಯುತ್ತದೆ. ಇಂಗ್ಲೆಂಡ್, ಅಮೆರಿಕದವರಿಗೆ ಮಾತ್ರ ಬಿಡಿಸಿ ಹೇಳಬೇಕು.

ಪ್ರಶ್ನೆ: ಕಾಲೇಜಿನಲ್ಲಿ ನಗದು ಬಂದರೆ ಡೆಬಿಟ್ ಎಂದು ಕಲಿಸುತ್ತಾರೆ. ನನ್ನ ಖಾತೆಗೆ ದುಡ್ಡು ಬಂದಾಗ ಬ್ಯಾಂಕಿನ ಮೆಸೇಜ್ ಕ್ರೆಡಿಟೆಡ್ ಎನ್ನುತ್ತದೆ. ಯಾವುದು ಸರಿ?
– ಬಿ.ಕಾಂ. ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಎರಡೂ ಸರಿ, ಲೆಕ್ಕ ಬರೆಯುವವರು ಬೇರೆ ಬೇರೆ. ಪಾಸ್‌ಬುಕ್ ಇರುವುದು ನಿಮ್ಮ ಕೈಯಲ್ಲಾದರೂ ಅದು ಬ್ಯಾಂಕಿನ ಲೆಡ್ಜರ್‌ನ ನಕಲು. ನೀವು 5,000 ಕಟ್ಟಿದರೆ ಬ್ಯಾಂಕು ನಿಮಗೆ 5,000 ಕೊಡಬೇಕಾಗುತ್ತದೆ, ಅಂದರೆ ಅದರ ಪಾಲಿಗೆ ಅದು ಹೊಣೆ. ಹೊಣೆ ಹೆಚ್ಚಿದರೆ ಕ್ರೆಡಿಟ್. ನಿಮ್ಮ ಕ್ಯಾಷ್ ಬುಕ್ಕಿನ ಬ್ಯಾಂಕ್ ಕಾಲಂನಲ್ಲಿ ಅದೇ 5,000 ನಿಮ್ಮ ಆಸ್ತಿ, ಆದ್ದರಿಂದ ಡೆಬಿಟ್. ಓವರ್‌ಡ್ರಾಫ್ಟ್ ಆದಾಗ, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದಾಗ, ನೀವೇ ಬ್ಯಾಂಕಿಗೆ ಕೊಡಬೇಕಾಗುವುದರಿಂದ ಪಾಸ್‌ಬುಕ್ಕಿನಲ್ಲಿ ಡೆಬಿಟ್ ಬ್ಯಾಲೆನ್ಸ್ ಕಾಣುತ್ತದೆ. ಕ್ಯಾಷ್ ಬುಕ್ಕನ್ನೂ ಪಾಸ್‌ಬುಕ್ಕನ್ನೂ ತಾಳೆ ನೋಡುವ, ಪರೀಕ್ಷೆಯ ಬ್ಯಾಂಕ್ ರಿಕನ್ಸಿಲಿಯೇಷನ್ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಬಾಲಗಳು: 'ಕ್ರೆಡಿಟೆಡ್ ಟು', 'ಡೆಬಿಟೆಡ್ ಫ್ರಮ್', 'ಡಿಪಾಸಿಟ್ ಇನ್‌ಟು', 'ವಿತ್‌ಡ್ರಾ ಫ್ರಮ್'. ವಿತ್‌ಡ್ರಾ ಕ್ರಿಯಾಪದ, ಅದರ ನಾಮಪದ ವಿತ್‌ಡ್ರಾಯಲ್. ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. 'ರಿಸೀವ್' ಎಂಬ ಪದ ತೋರಿಸಿ ಯುಪಿಐ ಪಿನ್ ಒತ್ತಿಸಿಕೊಳ್ಳುವ ವಂಚಕರಿದ್ದಾರೆ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಕೇಳಿದರೆ, ಪರದೆಯ ಮೇಲೆ ಏನೇ ಬರೆದಿರಲಿ, ಅದು 'ಪೇ'.

ಪ್ರಶ್ನೆ: ಚೆಕ್‌ನಲ್ಲಿ ಟು ಲ್ಯಾಕ್ ಎಂದು ಬರೆಯಬೇಕೋ ಟು ಲ್ಯಾಕ್ಸ್ ಎಂದೋ?
– ದಿನಸಿ ಅಂಗಡಿ ಮಾಲೀಕರು, ಚಿಂತಾಮಣಿ

ಉತ್ತರ: ಮುಂದೆ ಸಂಖ್ಯೆ ಇದ್ದರೆ ಎಸ್ ಬೇಡ: 'ಟು ಲ್ಯಾಕ್ ರುಪೀಸ್', 'ಫೈವ್ ಹಂಡ್ರೆಡ್ ರುಪೀಸ್'. ಲಕ್ಷಗಟ್ಟಲೆ ಎನ್ನುವಾಗ ಮಾತ್ರ 'ಲ್ಯಾಕ್ಸ್ ಆಫ್ ರುಪೀಸ್'. ಐನೂರರ ನೋಟು 'ಎ ಫೈವ್ ಹಂಡ್ರೆಡ್ ರುಪೀ ನೋಟ್', ಅಲ್ಲಿ ರುಪೀಗೂ ಎಸ್ ಇಲ್ಲ.

1,25,000ಕ್ಕೆ 'ರುಪೀಸ್ ಒನ್ ಲ್ಯಾಕ್ ಟ್ವೆಂಟಿ ಫೈವ್ ಥೌಸಂಡ್ ಓನ್ಲಿ' ಎಂದು ಬರೆಯಿರಿ. ಸಾಲಿನ ಎಡ ತುದಿಯಿಂದಲೇ ಶುರು ಮಾಡಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ. 'ಓನ್ಲಿ' ಇರುವುದು ಮುಂದೆ ಯಾರೂ ಏನೂ ಸೇರಿಸದಿರಲೆಂದು. ಕಾಗುಣಿತದಲ್ಲಿ ತಪ್ಪುವುದು ಹೆಚ್ಚಾಗಿ ಎರಡು ಕಡೆ: ಫೋರ್‌ನಲ್ಲಿ ಯು ಇದೆ, ಫಾರ್ಟಿಯಲ್ಲಿ ಇಲ್ಲ; ನೈಂಟಿಯಲ್ಲಿ ನೈನ್‌ನ ಇ ಉಳಿಯುತ್ತದೆ. ಮೊತ್ತ ತಪ್ಪಾದರೆ ತಿದ್ದಲು ಹೋಗಬೇಡಿ, ಹೊಸ ಹಾಳೆ ತೆಗೆದುಕೊಳ್ಳಿ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಕಾನೂನಿನಲ್ಲಿ ಅಕ್ಷರಕ್ಕೇ ಬೆಲೆ, ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಂಥ ಚೆಕ್ಕನ್ನು ವಾಪಸ್ ಕಳಿಸುತ್ತವೆ. ಬರೆದ ತಾರೀಖಿನಿಂದ ಮೂರು ತಿಂಗಳು ದಾಟಿದ ಚೆಕ್ 'ಸ್ಟೇಲ್', ಅಂದರೆ ಅವಧಿ ಮೀರಿದ್ದು. ದುಡ್ಡಿಲ್ಲದೆ ವಾಪಸಾದದ್ದನ್ನು ನಾವು 'ಬೌನ್ಸ್' ಎನ್ನುತ್ತೇವೆ, ಬ್ಯಾಂಕಿನ ಚೀಟಿ 'ಫಂಡ್ಸ್ ಇನ್‌ಸಫಿಷಿಯೆಂಟ್' ಎನ್ನುತ್ತದೆ, ವಕೀಲರ ನೋಟಿಸು 'ಡಿಸ್‌ಆನರ್' ಎನ್ನುತ್ತದೆ.

ಹೊರದೇಶದವರಿಗೆ ಲೆಕ್ಕ ಕಳಿಸುವಾಗ 10 ಲಕ್ಷ ಒಂದು ಮಿಲಿಯನ್, 100 ಕೋಟಿ ಒಂದು ಬಿಲಿಯನ್. ಅಲ್ಪವಿರಾಮದ ಜಾಗವೂ ಬದಲಾಗುತ್ತದೆ: ನಮ್ಮ 1,25,000 ಅವರಿಗೆ 125,000.

ಪ್ರಶ್ನೆ: ಊರಿನ ಮನೆಯ ಸಾಲ ಪೂರ್ತಿ ತೀರಿಸಿದ ಖುಷಿಗೆ ಆಫೀಸಿನಲ್ಲಿ 'ವಿ ಫೋರ್‌ಕ್ಲೋಸ್ಡ್ ಅವರ್ ಹೋಮ್ ಲೋನ್' ಎಂದೆ. ಎಲ್ಲರೂ ಸಮಾಧಾನ ಹೇಳಲು ಬಂದರು. ಏಕೆ?
– ಕನ್ನಡಿಗ ಉದ್ಯೋಗಿ, ನ್ಯೂಜೆರ್ಸಿ

ಉತ್ತರ: ನಮ್ಮ ಬ್ಯಾಂಕುಗಳ ಭಾಷೆಯಲ್ಲಿ ಫೋರ್‌ಕ್ಲೋಷರ್ ಎಂದರೆ ಅವಧಿಗೆ ಮೊದಲೇ ಸಾಲ ತೀರಿಸುವುದು. ಅಮೆರಿಕದಲ್ಲಿ ಅದೇ ಪದಕ್ಕೆ, ಕಂತು ಕಟ್ಟದವರ ಮನೆಯನ್ನು ಸಾಲ ಕೊಟ್ಟವರು ವಶಪಡಿಸಿಕೊಂಡು ಮಾರುವುದು ಎಂದರ್ಥ. ನಿಮ್ಮ ಮನೆ ಹೋಯಿತೆಂದೇ ಅವರು ತಿಳಿದರು. ಅಲ್ಲಿ 'ವಿ ಪೇಯ್ಡ್ ಆಫ್ ಅವರ್ ಮಾರ್ಗೇಜ್ ಅರ್ಲಿ' ಎನ್ನಿ. ಬರವಣಿಗೆಯಲ್ಲಿ ಮಾರ್ಗೇಜ್‌ನೊಳಗೆ ಟಿ ಇದೆ, ಬಾಯಲ್ಲಿ ಬರಬಾರದು. ಸಾಲ ಎಂಬ ಅರ್ಥದ ಡೆಟ್‌ನ ಬಿ ಕೂಡ ಹಾಗೆಯೇ.

ಪ್ರಶ್ನೆ: ಬಾಡಿಗೆಗೆ ಬರುವ ಉತ್ತರ ಭಾರತದವರಿಗೆ, ವಿದೇಶಿಯರಿಗೆ 'ಅಡ್ವಾನ್ಸ್', 'ಲೀಸ್' ಎಂದರೆ ಗೊಂದಲವಾಗುತ್ತದೆ.
– ಮನೆ ಮಾಲೀಕರು, ಬೆಂಗಳೂರು

ಉತ್ತರ: ಆಗುವುದು ಸಹಜ. ಹೊರಗಿನವರಿಗೆ ಅಡ್ವಾನ್ಸ್ ಎಂದರೆ ಮುಂಗಡ ಬಾಡಿಗೆ. ಮುಂದಿನ ತಿಂಗಳುಗಳಿಗೆ ವಜಾ ಆಗುತ್ತದೆಂದು ಅವರು ಲೆಕ್ಕ ಹಾಕುತ್ತಾರೆ. ನೀವು ಕೇಳುವುದು ಖಾಲಿ ಮಾಡುವಾಗ ಹಿಂದಿರುಗಿಸುವ ಹಣ. ಅದು 'ರಿಫಂಡಬಲ್ ಸೆಕ್ಯುರಿಟಿ ಡಿಪಾಸಿಟ್'. ಇನ್ನು ಲೀಸ್ ಎಂದರೆ ಇಂಗ್ಲಿಷ್‌ನಲ್ಲಿ ಬಾಡಿಗೆ ಕರಾರು ಅಷ್ಟೇ. ನಮ್ಮ ಭೋಗ್ಯ, ಅಂದರೆ ಇಡಿಗಂಟು ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಪದ್ಧತಿ, ಆ ಪದದಲ್ಲಿ ಬರುವುದೇ ಇಲ್ಲ. 'ರಿಫಂಡಬಲ್ ಲಂಪ್ ಸಮ್, ನೋ ಮಂತ್ಲಿ ರೆಂಟ್' ಎಂದು ಕರಾರಿನಲ್ಲೂ ಬಿಡಿಸಿ ಬರೆಸಿ. ಪೇಂಟಿಂಗ್‌ಗೆಂದು ಹಿಡಿದುಕೊಳ್ಳುವ ಮೊತ್ತಕ್ಕೆ 'ಡಿಡಕ್ಷನ್' ಎನ್ನಬೇಕು. ಎಷ್ಟೆಂದು ಮೊದಲೇ ನಮೂದಿಸದಿದ್ದರೆ ಜಗಳ ಯಾವ ಭಾಷೆಯಲ್ಲೂ ತಪ್ಪದು.

ಪ್ರಶ್ನೆ: ಹಣದ ಬಗೆಗಿನ ನಮ್ಮ ಗಾದೆಗಳಿಗೆ ಸಮನಾದ ಇಂಗ್ಲಿಷ್ ಗಾದೆಗಳು ಬೇಕು. ಮಕ್ಕಳು ಪದಕ್ಕೆ ಪದ ಇಟ್ಟು ಅನುವಾದ ಮಾಡುತ್ತಾರೆ.
– ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಸರಾಗವಾಗಿ ಜೋಡಿಯಾಗುವವು ಕೆಲವೇ. 'ಕಾಸಿಗೆ ತಕ್ಕ ಕಜ್ಜಾಯ'ಕ್ಕೆ 'ಯು ಗೆಟ್ ವಾಟ್ ಯು ಪೇ ಫಾರ್'. ಕೊನೆಯ 'ಫಾರ್' ಬಿಟ್ಟರೆ ಅರ್ಥ ಕೆಡುತ್ತದೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು'ಗೆ 'ಕಟ್ ಯುವರ್ ಕೋಟ್ ಅಕಾರ್ಡಿಂಗ್ ಟು ಯುವರ್ ಕ್ಲಾತ್' ಸರಿಯೇ, ಆದರೆ ಹಳತಾಯಿತು. ಈಗಿನ ಮಾತಿನಲ್ಲಿ 'ಲಿವ್ ವಿದಿನ್ ಯುವರ್ ಮೀನ್ಸ್' ಎನ್ನುತ್ತಾರೆ. 'ದುಡ್ಡೇ ದೊಡ್ಡಪ್ಪ'ಕ್ಕೆ 'ಮನಿ ಟಾಕ್ಸ್' ಸಾಕು.

'ಹನಿ ಹನಿ ಗೂಡಿದರೆ ಹಳ್ಳ'ಕ್ಕೆ 'ಟೇಕ್ ಕೇರ್ ಆಫ್ ದಿ ಪೆನ್ಸ್, ಅಂಡ್ ದಿ ಪೌಂಡ್ಸ್ ವಿಲ್ ಟೇಕ್ ಕೇರ್ ಆಫ್ ದೆಮ್‌ಸೆಲ್ವ್ಸ್' ಇದೆ. ಅದನ್ನು ಅತಿಗೆ ಒಯ್ದವರನ್ನು ಛೇಡಿಸುವುದು 'ಪೆನಿ ವೈಸ್, ಪೌಂಡ್ ಫೂಲಿಷ್'. ಇದರ ಕುಟುಕು ತಿಳಿಯಬೇಕಾದರೆ ಮಕ್ಕಳಿಗೆ ಹಳೆಯ ಲೆಕ್ಕ ಹೇಳಿ: 1971ರ ಫೆಬ್ರವರಿ 15ಕ್ಕೆ ಮೊದಲು ಬ್ರಿಟನ್ನಿನಲ್ಲಿ ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ಸ್. ಅಂದರೆ ಪೌಂಡು ಪೆನಿಯ 240 ಪಟ್ಟು. ತರಕಾರಿಯಲ್ಲಿ 20 ರೂಪಾಯಿ ಉಳಿಸಲು 80 ರೂಪಾಯಿಯ ಪೆಟ್ರೋಲ್ ಸುಡುವವರಿಗೆ ಇದು ಸರಿಯಾಗಿ ಒಪ್ಪುತ್ತದೆ.

'ಅತ್ತೆ ಆಸ್ತಿಯನ್ನು ಅಳಿಯ ದಾನ ಮಾಡಿದ' ಎನ್ನುವುದಕ್ಕೆ ಕೆಲವರು 'ರಾಬ್ ಪೀಟರ್ ಟು ಪೇ ಪಾಲ್' ಎಂದು ಬರೆಸುತ್ತಾರೆ. ನಮಗೆ ಒಪ್ಪಿಗೆಯಿಲ್ಲ. ಅದು ಒಬ್ಬರಿಂದ ಕಿತ್ತು ಇನ್ನೊಬ್ಬರ ಬಾಕಿ ತೀರಿಸುವುದು. ಒಂದು ಸಾಲ ಮುಚ್ಚಲು ಮತ್ತೊಂದು ಸಾಲ ಮಾಡುವವರಿಗೆ ಹೇಳುವ ಮಾತು. ಅಳಿಯನ ದಾನಕ್ಕೆ 'ಜೆನರಸ್ ವಿತ್ ಅದರ್ ಪೀಪಲ್ಸ್ ಮನಿ' ಎಂದು ಸಾದಾ ಮಾತಿನಲ್ಲೇ ಹೇಳಿಸಿ.

'ಸೇವ್ ಫಾರ್ ಎ ರೈನಿ ಡೇ'ಯಲ್ಲಿ ಮಳೆಯ ದಿನವೆಂದರೆ ಕಷ್ಟಕಾಲ. ಮಳೆಗಾಗಿ ಮುಗಿಲು ನೋಡುವ ಊರುಗಳ ಮಕ್ಕಳು ತಿರುಗಿಸಿ ಅರ್ಥ ಮಾಡಿಕೊಂಡರೆ ಬೈಯಬೇಡಿ. 'ಮನಿ ಈಸ್ ದಿ ರೂಟ್ ಆಫ್ ಆಲ್ ಈವಿಲ್' ಅರ್ಧ ಉದ್ಧರಣೆ. ಬೈಬಲ್ಲಿನಲ್ಲಿ, ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೆಯ ಅಧ್ಯಾಯದ 10ನೆಯ ವಚನದಲ್ಲಿ, ಕೇಡಿನ ಮೂಲ ಎಂದಿರುವುದು ಹಣವನ್ನಲ್ಲ, ಹಣದಾಸೆಯನ್ನು. 'ದಿ ಲವ್ ಆಫ್' ಸೇರಿಸಿಯೇ ಬರೆಸಿ.

ಪ್ರಶ್ನೆ: ಫೇರ್, ಫೀ, ಫೈನ್, ಚಾರ್ಜ್ ಇವುಗಳಲ್ಲಿ ಯಾವುದು ಎಲ್ಲಿಗೆ?
– ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಬಸ್ಸು, ಆಟೊ, ರೈಲಿಗೆ ಫೇರ್. ಡಾಕ್ಟರು, ವಕೀಲರು, ಕಾಲೇಜಿಗೆ ಫೀ. ತಪ್ಪಿಗೆ ಫೈನ್. ಮೇಲಿಂದ ಸೇರುವ ಸೇವೆಯ ಖರ್ಚಿಗೆ ಚಾರ್ಜ್. ವಸ್ತು 'ಚೀಪ್', ಅದರ ಬೆಲೆ 'ಲೋ'. 'ಚೀಪ್ ಪ್ರೈಸ್' ಎನ್ನುವ ಬದಲು ಹೀಗೆ ಬರೆದರೆ ಮೇಲು. ಕಾಸ್ಟ್‌ನ ಭೂತಕಾಲವೂ ಕಾಸ್ಟ್: 'ಇಟ್ ಕಾಸ್ಟ್ ಮಿ ಟು ಹಂಡ್ರೆಡ್ ರುಪೀಸ್'. ನಡುವೆ 'ಟು' ತುರುಕಬೇಡಿ.

ಪ್ರಶ್ನೆ: ಇಂಗ್ಲಿಷ್‌ನ ಕ್ಯಾಷ್ ನಮ್ಮ ಕಾಸಿನಿಂದ ಬಂದದ್ದೆ?
– ನಿವೃತ್ತ ಅಂಚೆ ನೌಕರರು, ಪುತ್ತೂರು

ಉತ್ತರ: ನಗದು ಎಂಬ ಅರ್ಥದ ಕ್ಯಾಷ್ ಅಲ್ಲ. ಅದು ಹಣದ ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್, ಇಟಾಲಿಯನ್ ಪದಗಳಿಂದ ಬಂತು. ಆದರೆ ಇಂಗ್ಲಿಷ್‌ನಲ್ಲಿ ಇನ್ನೊಂದು ಕ್ಯಾಷ್ ಇದೆ: ಏಷ್ಯಾದ ಸಣ್ಣ ನಾಣ್ಯಗಳಿಗೆ, ಮುಖ್ಯವಾಗಿ ಚೀನಾದ ನಡುವೆ ತೂತಿರುವ ನಾಣ್ಯಕ್ಕೆ ಹೇಳುವುದು. ಅದು ತಮಿಳಿನ ಕಾಸು ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷ್ ಸೇರಿದ್ದು.